ಮೂರೂ ಮುಕ್ಕಾಲಿನ ಬಸ್ಸು

ಮೊಮ್ಮಗಳು ಚಂದನ ಮೂರನೇ ಭಾನುವಾರಕ್ಕೇ ಚೆಸ್ ಬಿಟ್ಟಳು. ಅಜ್ಜಿ ಇಂದ್ರಮ್ಮ ಬಿಡಲಿಲ್ಲ. ಬೆಸಗರಹಳ್ಳಿಯ ಶಿವಣ್ಣನ ಮನೆಯಲ್ಲಿ ಅವರೆಕಾಯಿ ಕಾಲಕ್ಕೆ ಶುರುವಾಗಿ ಸಂಕ್ರಾಂತಿ ಕಳೆದರೂ ಮುಗಿಯದ ರಾಮಾಯಣಕ್ಕೆಲ್ಲ ಇದೇ ಮೂಲ.

ಹುಡುಗಿ ಹೊತ್ತುಗೊತ್ತಿಲ್ಲದೆ ಮೊಬೈಲ್ ಹಿಡಿದು ಕೂರುತ್ತಾಳೆಂದು ಮಗ ಚಲುವರಾಜು ಅವಳನ್ನು ಮದ್ದೂರಿನ ಚೆಸ್ ಕ್ಲಬ್ಬಿಗೆ ಸೇರಿಸಿದ್ದ. ಕ್ಲಬ್ಬು ಅನ್ನುವುದು ಹೆಸರಿಗೆ. ಇದ್ದದ್ದು ಬಸ್ ನಿಲ್ದಾಣದ ಎದುರು, ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಬೆಳಗಿನಿಂದ ಅಲ್ಲಿ ಟ್ಯೂಷನ್. ಮಧ್ಯಾಹ್ನ ಒಂದೂವರೆಗೆ ಅದು ಮುಗಿದ ಮೇಲೆ ಬೆಂಚುಗಳನ್ನು ಎದುರುಬದುರು ಎಳೆದು ಕಾಯಿ ಜೋಡಿಸುವರು. ನಡೆಸುವವಳು ಮಳವಳ್ಳಿ ಕಡೆಯ ಶಶಿರೇಖಾ, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಚಲುವರಾಜುವಿಗೆ ಗಾರ್ಮೆಂಟ್ಸಿನಲ್ಲಿ ಭಾನುವಾರವೂ ಓಟಿ ಕೆಲಸ. ಹತ್ತು ವರ್ಷದ ಹೆಣ್ಣುಮಗುವನ್ನು ಒಂಟಿಯಾಗಿ ಬಸ್ಸು ಹತ್ತಿಸುವುದು ಹೇಗೆಂದು ಜೊತೆಗೆ ಅಜ್ಜಿಯನ್ನು ಕಳಿಸಿದ.

ಮೊದಲ ಭಾನುವಾರ ಇಂದ್ರಮ್ಮ ಗೋಡೆಗೊರಗಿ ಕೂತು ಚೀಲದಿಂದ ಅವರೆಕಾಯಿ ತೆಗೆದು ಸುಲಿದಳು. ಎರಡನೇ ಭಾನುವಾರವೂ ಅದನ್ನೇ ಮಾಡುತ್ತಿದ್ದಾಗ ಒಬ್ಬರು ಕಡಿಮೆ ಬಿದ್ದರು. ಕಬ್ಬಿಣ-ಸಿಮೆಂಟಿನ ಅಂಗಡಿಯ ಪ್ರಸನ್ನನಿಗೆ ಎದುರಾಳಿ ಇಲ್ಲ.

"ಅಮ್ಮಾ, ನಿಮಗೇನಾದ್ರೂ ಆಟ ಬರುತ್ತಾ?" ಶಶಿರೇಖಾ ಸುಮ್ಮನೆ ಮಾತಿಗೆ ಕೇಳಿದಳು.

"ನಮ್ಮಪ್ಪ ಕಲ್ಸಿದ್ರು ಕಣವ್ವ. ಜಗಲಿ ಮೇಲೆ ಇದ್ಲಲ್ಲಿ ಮನೆ ಬರ್ದು ಆಡ್ತಿದ್ವಿ. ನಲವತ್ತೊರ್ಸ ಆಯ್ತು."

ಸಿಪ್ಪೆ ಕೊಡವಿ ಎದ್ದು ಬಂದು ಕೂತಳು. ಪ್ರಸನ್ನ ಕೈ ಕುಲುಕಲು ಚಾಚಿದರೆ ಇವಳು ಕೈ ಮುಗಿದಳು. ಅರ್ಧ ಗಂಟೆಯಲ್ಲಿ ಅವನ ಒಂದು ಆನೆ, ಒಂದು ಒಂಟೆ ಇವಳ ಪಕ್ಕ ಬಂದು ಮಲಗಿದ್ದವು. ಸುತ್ತಲಿನವರು ತಮ್ಮ ಆಟ ಬಿಟ್ಟು ಬಂದು ನಿಂತರು. ಆಗಲೇ ಇಂದ್ರಮ್ಮ ಇಕ್ಕಟ್ಟಿಗೆ ಸಿಕ್ಕಿದ್ದ ತನ್ನ ರಾಜನನ್ನು ಎತ್ತಿ ಕುದುರೆಯ ಹಾಗೆ ಎಗರಿಸಿ ಆಚೆ ಇಟ್ಟಳು.

"ಏ, ಅಮ್ಮಾ! ರಾಜ ಅಂಗೆಲ್ಲ ಎಗರಂಗಿಲ್ಲ" ಎಂದ ಪ್ರಸನ್ನ.

"ಒಂದ್ಸಲ ಎಗರ್ಬೋದು ಕಣಪ್ಪ. ಇನ್ನೂ ಶಾ ಬಿದ್ದಿಲ್ವಲ್ಲ?"

ಕೋಣೆಯೆಲ್ಲ ನಕ್ಕಿತು. ಶಶಿರೇಖಾ ಮಾತ್ರ ನಗದೆ, "ಅವ್ರು ಹೇಳೋದು ತಪ್ಪಲ್ಲ. ನಮ್ಮ ಹಳೇ ಕಾಲದ ಆಟದಲ್ಲಿ ಶಾ, ಅಂದ್ರೆ ಚೆಕ್, ಬೀಳೋಕೆ ಮುಂಚೆ ರಾಜನಿಗೆ ಒಂದ್ಸಲ ಹಂಗೆ ಹಾರೋಕೆ ಬಿಡ್ತಿದ್ರು. ಈಗಿನ ಆಟದಲ್ಲಿ ಇಲ್ಲ ಅಮ್ಮ, ಅಷ್ಟೆ" ಎಂದಳು. ಆ ಒಂದು ಮಾತಿಗೆ ಇಂದ್ರಮ್ಮ ಶಶಿರೇಖಾಳನ್ನು ಮನಸ್ಸಿನಲ್ಲೇ ಹರಸಿದಳು. ಇಲ್ಲದಿದ್ದರೆ ಅವಮಾನಕ್ಕೆ ಆ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ.

ವಾರವಿಡೀ ಮುದ್ದೆಗೆ ಎಸರಿಟ್ಟು ಒಲೆ ಮುಂದೆ ಕೂತು ಚಂದನಳ ಕೈಲಿ ಹೊಸ ಕಾನೂನು ಹೇಳಿಸಿಕೊಂಡಳು. ಮುಂದಿನ ಭಾನುವಾರ ಮೊಮ್ಮಗಳು ಕಾಲು ಚಾಚಿ, "ನಂಗೆ ಬೇಜಾರು, ನಂಗೆ ಖೋಖೋನೇ ಇಷ್ಟ" ಎಂದಳು. ಅದರ ಮುಂದಿನ ಭಾನುವಾರ ಇಂದ್ರಮ್ಮ ಒಬ್ಬಳೇ ತಲೆ ಬಾಚಿ, ಮದುವೆ-ಮುಂಜಿಗೆ ಉಡುವ ಸೀರೆ ಉಟ್ಟು ಹೊರಟಳು.

ಗಂಡ ಶಿವಣ್ಣ ಉಂಡ ಕೈ ಒಣಗಿಸಿಕೊಂಡು ಬಾಗಿಲಲ್ಲಿ ಕೂತಿದ್ದ. "ಎಲ್ಗೆ?"

"ಮದ್ದೂರ್ಗೆ."

"ಚಂದನ ಬರಕಿಲ್ಲ ಅಂತಲ್ಲ?"

"ಅವ್ಳು ಬರ್ದಿದ್ರೆ ನಾ ಓಗ್ಬಾರ್ದಾ?"

"ಲೇ, ಐವತ್ತೆಂಟಾಯ್ತು ಕಣೆ ನಿಂಗೆ. ಈ ವಯಸ್ನಲ್ಲಿ ಆಟ ಆಡಕೋಯ್ತೀನಿ ಅಂದ್ರೆ ಊರೋರು ಯಾವುದ್ರಲ್ಲಿ ನಗ್ಬೇಕು?"

"ನೀವು ಅರವತ್ತೈದಕ್ಕೆ ಅಳ್ಳಿಕಟ್ಟೆ ಮೇಲೆ ಇಸ್ಪೀಟಾಡಕಿಲ್ವಾ? ಅದ್ರಲ್ಲೇ ನಗ್ಲಿ."

ಶಿವಣ್ಣ ಬಾಗಿಲಿಂದ ಏಳುವಷ್ಟರಲ್ಲಿ ಅವಳು ಬಸ್ಸಿನಲ್ಲಿದ್ದಳು.

ಗಂಡನನ್ನು ಗೆದ್ದಳು, ಸರಿ. ಹಸುವನ್ನು ಗೆಲ್ಲುವುದು ಹೇಗೆ? ಮನೆಯ ಹಸು ಕೆಂಪಿ ಇಂದ್ರಮ್ಮನ ಕೈಗಲ್ಲದೆ ಇನ್ನಾರ ಕೈಗೂ ಹಾಲು ಬಿಡದು. ಗಂಡಸರು ಹತ್ತಿರ ಬಂದರೆ ಒದೆಯುತ್ತದೆ. ಶಿವಣ್ಣನ ಎಡ ಮೊಣಕಾಲು ಅದಕ್ಕೆ ಸಾಕ್ಷಿ. ಸಂಜೆ ಐದಕ್ಕೆ ಕರೆಯಬೇಕು, ಆರರೊಳಗೆ ಕ್ಯಾನು ಡೈರಿ ಮುಟ್ಟಬೇಕು. ಮದ್ದೂರಿನಿಂದ ಮೂರೂ ಮುಕ್ಕಾಲಿನ ಬಸ್ಸು ತಪ್ಪಿದರೆ ಮುಂದಿನದು ಐದೂವರೆಗೆ. ಹಾಗಾಗಿ ಆಟ ಎಲ್ಲೇ ಇರಲಿ, ಮೂರೂ ನಲವತ್ತಕ್ಕೆ ಇಂದ್ರಮ್ಮ ಎದ್ದು ಚಪ್ಪಲಿ ಮೆಟ್ಟಲೇಬೇಕು.

ಕ್ಲಬ್ಬಿನಲ್ಲಿ ಪಂದ್ಯಾವಳಿ ಶುರುವಾಗಿತ್ತು. ಎರಡು ಗಂಟೆಗೆ ಗಡಿಯಾರ ಒತ್ತಿದರೆ ಒಬ್ಬೊಬ್ಬರಿಗೆ ಒಂದೂಕಾಲು ಗಂಟೆ. ತಮ್ಮ ಪಾಲಿನ ಹೊತ್ತು ಮುಗಿಸಿಕೊಂಡವರೂ ಅರ್ಧಕ್ಕೆ ಎದ್ದು ಹೋದವರೂ ಸೋತಂತೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇಂದ್ರಮ್ಮನ ಹೆಸರಿನ ಮುಂದೆ ಸಾಲಾಗಿ ಮೂರು ಸೊನ್ನೆ ಬಿದ್ದವು. ಮೂರರಲ್ಲಿ ಒಂದನ್ನೂ ಅವಳು ಮಣೆಯ ಮೇಲೆ ಸೋತಿರಲಿಲ್ಲ. ಎದುರು ಕೂತವರಿಗೆ ಗುಟ್ಟು ತಿಳಿದುಹೋಗಿತ್ತು. ಚುರುಕಾಗಿ ಆಡಿದರೆ ಈ ಹೆಂಗಸು ನುಂಗಿಹಾಕುತ್ತಾಳೆ. ಗಲ್ಲಕ್ಕೆ ಕೈಕೊಟ್ಟು ಯೋಚಿಸುವಂತೆ ಕೂತರೆ ಸಾಕು, ಬಸ್ಸೇ ಗೆಲ್ಲಿಸಿಕೊಡುತ್ತದೆ. ಪ್ರಸನ್ನನಂತೂ ಕಿಟಕಿ ಕಡೆಗೆ ಕಿವಿ ಇಟ್ಟುಕೊಂಡೇ ಆಡುತ್ತಿದ್ದ. ಕೆಳಗೆ ಹಾರನ್ ಕೇಳಿದೊಡನೆ, "ಅಮ್ಮಾ, ನಿಮ್ ಬಸ್ಸು ಬಂತು ನೋಡಿ" ಎನ್ನುವ ಉಪಕಾರ ಬೇರೆ.

ಮೂರನೇ ಸಲ ಎದ್ದಾಗ ಶಶಿರೇಖಾ ಮೆಟ್ಟಿಲವರೆಗೂ ಬಂದಳು. "ಇಂದ್ರಮ್ಮ, ನಂಗೂ ಹೇಳೋಕೆ ಮನಸ್ಸಿಲ್ಲ. ಸಂಕ್ರಾಂತಿಗೆ ಎರಡು ವಾರ ರಜ. ಆಮೇಲೂ ಹಿಂಗೇ ಅರ್ಧಕ್ಕೆ ಎದ್ದು ಹೋದ್ರೆ ಪಟ್ಟಿಯಿಂದ ನಿಮ್ಮ ಹೆಸರು ತೆಗೀಬೇಕಾಗುತ್ತೆ. ಬೇರೆಯವ್ರು ಕಾಯ್ತಿದ್ದಾರೆ."

"ತಗೀಬೇಡವ್ವ" ಎಂದಳು ಇಂದ್ರಮ್ಮ. ಅಷ್ಟು ಹೊತ್ತಿಗೆ ಬಸ್ಸು ಹೊರಟಿತ್ತು, ಓಡಬೇಕಾಯಿತು.

ಅಂದು ಸಂಜೆ ಬಸ್ಸಾರಿಗೆ ಉಪ್ಪು ಎರಡು ಸಲ ಬಿತ್ತು. ಶಿವಣ್ಣ ಮೊದಲ ತುತ್ತಿಗೇ ಮುಖ ಹಿಂಡಿದ.

"ಏನ್ಲಾ ಚಲುವ, ನಿಮ್ಮವ್ವ ಸಾರ್ಗೂ ಶಾ ಅಂದವ್ಳೆ ನೋಡು."

ಇಂದ್ರಮ್ಮ ಸೌಟು ಕುಕ್ಕಿದಳು. "ಉಪ್ಪು ಎಚ್ಚಾದ್ರೆ ನೀರು ಕುಡೀರಿ. ಒಂದ್ ಭಾನ್ವಾರ, ಒಂದೇ ಒಂದ್ ಭಾನ್ವಾರ ಆ ದನನ ಯಾರಾನ ಕರ್ದಿದ್ರೆ ನಾ ಯಾಕಿಂಗೆ ಸಾಯ್ತಿದ್ದೆ?"

"ಒಂದಿನ ಕರೀದಿದ್ರೆ ಏನಾಯ್ತದವ್ವ?" ಎಂದ ಚಲುವರಾಜು.

"ಕೆಚ್ಚಲು ಬಾತ್ಕತದೆ ಕಣ್ಲಾ. ಬಟ್ಟೆ ಒಲ್ಸೋ ಫ್ಯಾಕ್ಟ್ರೀನಾ ಅದು, ಸ್ವಿಚ್ ಆಫ್ ಮಾಡಕೆ?"

ಸೊಸೆ ನಯನ ಇಷ್ಟು ಹೊತ್ತೂ ತಟ್ಟೆಯಲ್ಲೇ ಕಣ್ಣಿಟ್ಟಿದ್ದಳು. ಮಂಡ್ಯ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಹನ್ನೊಂದು ವರ್ಷವಾದರೂ ಕೊಟ್ಟಿಗೆಯಲ್ಲಿ ಅವಳ ಪಾಲಿಗಿದ್ದದ್ದು ಸಗಣಿ ಬಾಚುವುದು ಮಾತ್ರ. 'ನಿನ್ ಕೈಗೆ ಬುಡಕಿಲ್ಲ ಬುಡು' ಎಂದು ಮೊದಲ ವಾರವೇ ಅತ್ತೆ ಪಾತ್ರೆ ಕಿತ್ತುಕೊಂಡಿದ್ದಳು.

"ನಾನು ಮದ್ದೂರಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ನಲ್ಲ ಅತ್ತೆ" ಎಂದಳು ನಯನ, ತಲೆಯೆತ್ತದೆ. "ಎರಡು ತಿಂಗ್ಳು ಹೋಗಿದ್ದೆ. ಇನ್ನು ನಾಲ್ಕು ತಿಂಗ್ಳಿತ್ತು. ಆಗ ನೀವೇನಂದ್ರಿ? 'ಮನೆ ಕೆಲ್ಸ ಯಾರು ನಿಮ್ಮಪ್ಪ ಬಂದು ಮಾಡ್ತನಾ' ಅಂದ್ರಿ."

ಚಲುವರಾಜು ಹೆಂಡತಿಗೆ ಸನ್ನೆ ಮಾಡಿದ. ಅವಳು ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಇಂದ್ರಮ್ಮ ಸಾರಿಗೆ ನೀರು ಸುರಿದು ಕಲಕುತ್ತಾ ಕೂತಳು. ಹೇಳಿದ್ದು ನಿಜ, ಅಪ್ಪನ ಹೆಸರು ಎತ್ತಿದ್ದೂ ನಿಜ.

ಮಾರನೇ ಬೆಳಗ್ಗೆ ಕೊಟ್ಟಿಗೆಯಲ್ಲಿ ಇಂದ್ರಮ್ಮ ಕೆಚ್ಚಲು ತೊಳೆಯುತ್ತಿದ್ದಾಗ ನಯನ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಹೇಳ್ಕೊಡಿ" ಎಂದಳು.

"ಏನ?"

"ಹಾಲು ಕರೆಯೋದು. ಅರ್ಧಕ್ಕೆ ಎದ್ದು ಬರೋದು ಹೆಂಗಿರ್ತದೆ ಅಂತ ನಂಗೆ ಗೊತ್ತು ಅತ್ತೆ. ನಿಮ್ಗೂ ಅದೇ ಆಗ್ಲಿ ಅಂತ ರಾತ್ರಿಯೆಲ್ಲ ಅಂದ್ಕೊಂಡೆ. ಬೆಳಿಗ್ಗೆ ಎದ್ರೆ ಆ ಸಿಟ್ಟು ಇರ್ಲಿಲ್ಲ. ಹೇಳ್ಕೊಡಿ."

ಇಂದ್ರಮ್ಮನಿಗೆ ಕಣ್ಣು ತುಂಬಿತು. ತೋರಿಸಿಕೊಳ್ಳುವ ಜಾಯಮಾನವಲ್ಲ. ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು, "ಎಬ್ಬೆಟ್ಟು ಮಡಿಸ್ಬೇಡ. ಉಗುರು ತಾಕ್ಸಬೇಡ. ಮೊದ್ಲು ಕೈಗೆ ಒಸಿ ಎಣ್ಣೆ ಅಚ್ಕೊ" ಎಂದಳು.

ಮೊದಲ ದಿನ ಕೆಂಪಿ ಝಾಡಿಸಿ ಒದೆಯಿತು. ಪಾತ್ರೆ ಉರುಳಿ ಬಾಗಿಲವರೆಗೆ ಹೋಯಿತು, ನಯನ ಗೋಡೆಗೆ ಹೋಗಿ ಬಿದ್ದಳು. ಎರಡನೇ ದಿನವೂ ಅದೇ. ಮೂರನೇ ದಿನ, ಅಲ್ಲಿಯವರೆಗೂ ಕಟ್ಟೆ ಮೇಲೆ ಕೂತು ತಮಾಷೆ ನೋಡುತ್ತಿದ್ದ ಶಿವಣ್ಣನೇ ಬಾಯಿಬಿಟ್ಟ.

"ನಿಮ್ಮತ್ತೆ ಸೀರೆ ಉಟ್ಕೊಂಡು ಕೂತ್ಕೊ ಕಣವ್ವ. ಒಗ್ದಿರೋದಲ್ಲ, ಬಿಚ್ಚಾಕಿರೋದು. ದನ ಮೂತಿ ನೋಡಕಿಲ್ಲ, ವಾಸ್ನೆ ನೋಡ್ತದೆ. ಇವ್ಳೇ," ಎಂದು ಹೆಂಡತಿ ಕಡೆ ತಿರುಗಿ, "ನೀನು ಇಲ್ಲಿ ನಿಂತು ವಟವಟ ಅನ್ಬೇಡ. ನಿನ್ ದನಿ ಕೇಳ್ತಿದ್ರೆ ಅದು ನಿನ್ನೇ ಉಡುಕ್ತದೆ."

ನಯನ ಮೂಗು ಮುಚ್ಚಿಕೊಂಡು ಅತ್ತೆಯ ಹಸಿರು ಸೀರೆ ಸುತ್ತಿಕೊಂಡಳು. ಸೀರೆ ಉಡುವುದು ಸುಲಭದ ಪಾಲು. ಕಷ್ಟದ ಪಾಲು ಬಿದ್ದದ್ದು ಇಂದ್ರಮ್ಮನಿಗೆ. ದಿನಕ್ಕೆರಡು ಬಾರಿ ಹಿತ್ತಲ ಗೋಡೆಯ ಹಿಂದೆ ಉಸಿರೆತ್ತದೆ ನಿಲ್ಲಬೇಕು. ಒಳಗೆ ಸೊಸೆ ತಪ್ಪು ಮಾಡುವುದು ಸದ್ದಿನಲ್ಲೇ ತಿಳಿಯುತ್ತದೆ, ಹೇಳುವಂತಿಲ್ಲ. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ನಿಂತಳು. ಐದನೇ ದಿನ ಪಾತ್ರೆಯ ತಳಕ್ಕೆ ಸುರ್ರ್ ಸುರ್ರ್ ಎಂದು ಹಾಲು ಬಿದ್ದ ಸದ್ದು ಕೇಳಿದಾಗ ಮಾತ್ರ ತಡೆಯಲಾಗಲಿಲ್ಲ.

"ಬುಡ್ತಾ?" ಎಂದು ಗೋಡೆಯಾಚೆಯಿಂದಲೇ ಕೂಗಿದಳು. ಹಸು ಕತ್ತೆತ್ತಿ ಕಾಲೆತ್ತಿತು. ಆವತ್ತಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಹಬ್ಬಕ್ಕೆ ಎಳ್ಳುಬೆಲ್ಲ ಬೀರಿದರು, ಕಿಚ್ಚು ಹಾಯಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಕೆಂಪಿ ನಯನಳ ಕೈಗೆ ಮೂರು ಲೀಟರು ಬಿಡುವ ಹಂತಕ್ಕೆ ಬಂತು. ಇಂದ್ರಮ್ಮನ ಕೈಗೆ ಐದು. ಉಳಿದ ಎರಡನ್ನು ಅತ್ತೆ ಬಂದು ಕರೆದುಕೊಳ್ಳುವಳು. ಆದರೆ ಅತ್ತೆ ಊರಲ್ಲೇ ಇಲ್ಲದ ದಿನ ಹಸು ಏನು ಮಾಡೀತೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಭಾನುವಾರ ಹೊರಡುವಾಗ ಇಂದ್ರಮ್ಮ ಮೂರು ಸಲ ಬಾಗಿಲಿಂದ ವಾಪಸ್ಸು ಬಂದಳು. "ಬೂಸಾ ಜೊತೆ ಒಂದಿಡಿ ಎಚ್ಚಾಗಿ ಇಂಡಿ ಆಕು... ಕರೂನ ಎದ್ರುಗೆ ಕಟ್ಟು... ಒದ್ರೆ ಬೈಬೇಡ."

"ನೀವು ಹೋಗಿ ಅತ್ತೆ, ಬಸ್ ಹೋಗ್ತದೆ" ಎಂದು ನಯನ ಚೀಲವನ್ನು ಅವಳ ಹೆಗಲಿಗೆ ಸಿಕ್ಕಿಸಿ ತಳ್ಳಿದಳು. "ಮುಗಿಸಿಕೊಂಡೇ ಬನ್ನಿ."

ಎದುರಾಳಿ ಪ್ರಸನ್ನನೇ. ಎರಡು ಗಂಟೆಗೆ ಗಡಿಯಾರ ಒತ್ತಿದರು. ಇಂದ್ರಮ್ಮ ಎಂದಿನಂತೆ ಚುರುಕಾಗಿ ಆಡಿದಳು. ಪ್ರಸನ್ನ ಎಂದಿನಂತೆ ಗಲ್ಲಕ್ಕೆ ಕೈಕೊಟ್ಟ. ಒಂದು ಕಾಲಾಳು ತಳ್ಳಲು ಹತ್ತು ನಿಮಿಷ, ಕುದುರೆಯನ್ನು ಮುಟ್ಟದೆ ನೋಡಲು ಹದಿನೈದು ನಿಮಿಷ. ಮೂರೂ ನಲವತ್ತಕ್ಕೆ ಇಂದ್ರಮ್ಮನ ಕಡೆ ಇನ್ನೂ ನಲವತ್ತು ನಿಮಿಷ ಉಳಿದಿದ್ದರೆ ಅವನ ಕಡೆ ಬರೀ ಹತ್ತು. ಅವನ ಮಂತ್ರಿ ಆಗಲೇ ಸೆರೆ ಬಿದ್ದಿದ್ದ. ಅವನಿಗೇನೂ ಚಿಂತೆಯಿರಲಿಲ್ಲ. ಕೆಳಗೆ ಹಾರನ್ ಆಯಿತು.

"ಅಮ್ಮಾ, ನಿಮ್ ಬಸ್ಸು."

"ಓಗ್ಲಿ ಬುಡಪ್ಪ" ಎಂದಳು ಇಂದ್ರಮ್ಮ. "ಬಸ್ಸು ನಾಳೀಕೂ ಬತ್ತದೆ. ನೀ ಆಡು."

ಪ್ರಸನ್ನ ಅವಳ ಮುಖ ನೋಡಿದ, ಗಡಿಯಾರ ನೋಡಿದ. ಕೆಳಗೆ ಕಂಡಕ್ಟರ್ ಎರಡು ಸಲ ಸೀಟಿ ಊದಿ ಬಸ್ಸು ಹೊರಟಿತು. ಬಸ್ಸಿನ ಸದ್ದು ದೂರವಾಗುತ್ತಿದ್ದಂತೆ ಇಂದ್ರಮ್ಮನಿಗೆ ಕೊಟ್ಟಿಗೆ ಕಣ್ಣ ಮುಂದೆ ಬಂತು. ನಯನ ಒದೆಸಿಕೊಂಡು ಬಿದ್ದಂತೆ, ಹಾಲು ಗೋಡೆಗೆ ಚೆಲ್ಲಿದಂತೆ ಕಂಡಿತು. ಕಾಲುಗಳು ತಾವಾಗಿಯೇ ಬೆಂಚಿನ ಕೆಳಗೆ ಚಪ್ಪಲಿ ಹುಡುಕಿದವು. ಅವಳು ಕಾಲನ್ನು ಮಡಿಸಿ ಬೆಂಚಿನ ಮೇಲೇ ಇಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಕ್ಲಬ್ಬಿನಲ್ಲಿ ಹಾಗೆ ಕೂತವರನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಪ್ರಸನ್ನ ಈಗ ನಿಜವಾಗಿ ಯೋಚಿಸತೊಡಗಿದ. ಆನೆಯನ್ನು ಅತ್ತ ಸರಿಸಿದ, ಇಂದ್ರಮ್ಮ ಒಂಟೆಯಿಂದ ಹೊಡೆದಳು. ರಾಜನನ್ನು ಮೂಲೆಗೆ ಒಯ್ದ, ಅವಳು ಕುದುರೆ ತಂದಳು. ಅವನು ಕೈ ಎತ್ತಿ ಇಳಿಸಿ, ಮತ್ತೆ ಎತ್ತಿ ಕೂತಿರುವಾಗ ಇಂದ್ರಮ್ಮ ಬಹಳ ಮರ್ಯಾದೆಯಿಂದ ಗಡಿಯಾರದ ಕಡೆ ಬೆರಳು ತೋರಿಸಿದಳು.

"ನಿನ್ ಟೈಮು ಮುಗೀತು ಕಣಪ್ಪ."

ಶಶಿರೇಖಾ ಬಂದು ನೋಡಿದಳು. ಅವನ ಕಡೆ ಸೊನ್ನೆಗಳು ಸಾಲಾಗಿ ನಿಂತಿದ್ದವು. ಕೋಣೆ ಚಪ್ಪಾಳೆ ತಟ್ಟಿತು. ಪ್ರಸನ್ನ ಒಳ್ಳೆಯವನೇ. ತನ್ನ ಹಳ್ಳಕ್ಕೆ ತಾನೇ ಬಿದ್ದದ್ದು ಅವನಿಗೇ ನಗು ತರಿಸಿತು. "ನಿಮ್ಮನ್ನಲ್ಲಮ್ಮ, ನಿಮ್ ಬಸ್ಸನ್ನ ನಂಬಿ ಕೆಟ್ಟೆ" ಎಂದು ಕೈ ಚಾಚಿದ. ಇಂದ್ರಮ್ಮ ಈ ಸಲ ಕೈ ಕುಲುಕಿದಳು. ಅವನೇ ಟೀ ತರಿಸಿದ. ಐದೂವರೆಯ ಬಸ್ಸಿಗೆ ಕಾಯುತ್ತಾ, ಅವಸರವಿಲ್ಲದೆ, ಬಿಸಿಬಿಸಿಯಾಗಿ ಕುಡಿದಳು. ಮದುವೆಯಾಗಿ ಬಂದಂದಿನಿಂದ ಸಂಜೆಯ ಹೊತ್ತು ಇಷ್ಟು ನಿಧಾನವಾಗಿ ಟೀ ಕುಡಿದದ್ದು ಅವಳಿಗೆ ನೆನಪಿರಲಿಲ್ಲ. ಕುಡಿದ ಗುಟುಕು ಗುಟುಕಿಗೂ ಸೊಸೆ ನೆನಪಾದಳು.

ಮನೆ ಮುಟ್ಟಿದಾಗ ದೀಪ ಹೊತ್ತಿತ್ತು. ನಯನ ಹಸಿರು ಸೀರೆಯಲ್ಲೇ ಜಗಲಿ ಮೇಲೆ ಕೂತಿದ್ದಳು. ಮೊಣಕೈ ತರಚಿತ್ತು, ಕೂದಲಲ್ಲಿ ಹುಲ್ಲು.

ಇಂದ್ರಮ್ಮ ಚೀಲ ಇಳಿಸದೆ ಕೇಳಿದಳು: "ಒದೀತಾ?"

"ಎರಡು ಸಲ."

"ಬುಡ್ತಾ?"

"ಮೂರೂವರೆ ಲೀಟ್ರು. ಡೈರಿಗೆ ಹಾಕ್ಬಂದೆ. ಜಾಸ್ತಿ ಬಿಡ್ಲಿಲ್ಲ ಅತ್ತೆ. ನಾನೂ ಎಷ್ಟೋ ಹೊತ್ತು ಕೂತಿದ್ದೆ." ಅವಳ ದನಿ ಸಣ್ಣಗಾಯಿತು.

ಒಳಗಿನಿಂದ ಶಿವಣ್ಣ, "ಒಂದಾಟಕ್ಕೆ ಒಂದೂವರೆ ಲೀಟ್ರು ಓಯ್ತು" ಎಂದ.

"ನೀವು ಸುಮ್ಕಿರಿ!" ಇಂದ್ರಮ್ಮ ಗುಡುಗಿದಳು. ಆಮೇಲೆ ಸೊಸೆಯ ಪಕ್ಕ ಕೂತು ಅವಳ ಕೂದಲಿನ ಹುಲ್ಲುಕಡ್ಡಿ ಒಂದೊಂದಾಗಿ ಆರಿಸತೊಡಗಿದಳು. "ನಾ ಈ ಮನೆಗೆ ಬಂದಾಗ ದನ ನನ್ ಕೈಗೆ ಒಂದು ಚೊಂಬು ಆಲೂ ಬುಟ್ಟಿರ್ನಿಲ್ಲ ಕಣವ್ವ. ನಮ್ಮತ್ತೆ ಪಾತ್ರೆ ಕಿತ್ಕೊಂಡು ಆಚೀಗ್ ಕಳ್ಸಿದ್ರು. ಅವ್ರು ಮಾಡಿದ್ನೇ ನಾ ನಿಂಗೆ ಮಾಡ್ದೆ. ತಪ್ಪಾಯ್ತು. ನೀ ಇವತ್ತು ಒದೆಸ್ಕೊಂಡೂ ಪಾತ್ರೆ ಕೆಳಗಿಡ್ನಿಲ್ವಲ್ಲ, ಅದ್ಕೆ ನಾ ಅಲ್ಲಿ ಕೂತಿದ್ದೆ."

"ಗೆದ್ರಾ?"

"ಗೆದ್ದೆ."

ನಯನ ನಕ್ಕಳು, ನಗುತ್ತಲೇ ಮೂಗೊರೆಸಿಕೊಂಡಳು. ಆ ಮನೆಯಲ್ಲಿ ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ. ಇಂದ್ರಮ್ಮ ಸೊಸೆಯನ್ನು ಒಳಗೆ ಕರೆದೊಯ್ದು, ಗಂಡ-ಮಗನಿಗಿಂತ ಮೊದಲು ಅವಳಿಗೆ ತಟ್ಟೆ ಇಟ್ಟು, ಬಿಸಿ ಮುದ್ದೆ ಹಾಕಿ, ಬಾಡಿನ ಸಾರಲ್ಲಿ ಮೂಳೆಯಿಲ್ಲದ ತುಂಡುಗಳನ್ನೇ ಹುಡುಕಿ ಹುಡುಕಿ ಬಡಿಸಿದಳು. ಶಿವಣ್ಣ ಖಾಲಿ ತಟ್ಟೆ ಮುಂದೆ ಕೆಮ್ಮಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಭಾನ್ವಾರ ನಂದು" ಎಂದಳು ಇಂದ್ರಮ್ಮ, ಸೌಟು ಹಿಡಿದೇ. "ಬುಧ್ವಾರ ನಿಂದು. ಬೆಳಗಿಂದ ಸಾಯಂಕಾಲದ್ ಗಂಟ. ಎಲ್ಗಾದ್ರೂ ಓಗು, ಏನಾದ್ರೂ ಮಾಡ್ಕೊ. ನಾ ಕೇಳಕಿಲ್ಲ."

"ಎಲ್ಲಿಗೂ ಹೋಗ್ದೆ ಮಲ್ಕೊಂಡ್ರೆ?"

"ಮಲ್ಕೊ. ನಾ ಎಬ್ಬಿಸಕಿಲ್ಲ."

ಬುಧವಾರ ನಯನ ಎಂಟೂವರೆಗೆ ಸ್ನಾನ ಮಾಡಿ, ಚೂಡಿದಾರ ತೊಟ್ಟು, "ಬರ್ತೀನಿ ಅತ್ತೆ" ಎಂದು ಬಸ್ಸಿಗೆ ಹೊರಟಳು. ಮಧ್ಯಾಹ್ನ ಶಿವಣ್ಣ ಅಡುಗೆಮನೆಗೆ ಇಣುಕಿ ಕೇಳಿದ:

"ಸೊಸೆ ಎಲ್ಲೋದ್ಲು?"

"ಗೊತ್ತಿಲ್ಲ."

"ಕೇಳ್ನಿಲ್ವಾ?"

"ಕೇಳಕಿಲ್ಲ ಅಂದಿವ್ನಿ" ಎಂದಳು ಇಂದ್ರಮ್ಮ. ಒಲೆಯ ಮೇಲೆ ಹಿಟ್ಟು ಕುದಿಯುತ್ತಿತ್ತು. ಮುದ್ದೆಯ ಕೋಲನ್ನು ಅವನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. "ನಿಂತ್ಕೊಂಡು ನೋಡ್ಬೇಡಿ. ತಿರುವಿ, ಗಂಟಾಯ್ತದೆ."